ಕಲ್ಲುಹೂವಿನ ಸಾಕ್ಷ್ಯವನ್ನು ಓದಿದ ವಿಲಿಯಂ ನೈಲಾಂಡರ್

ವಿಜ್ಞಾನದ ಇತಿಹಾಸದಲ್ಲಿ ಕೆಲವರ ಹೆಸರು ಅವರು ಮಂಡಿಸಿದ ಮಹಾಸಿದ್ಧಾಂತಗಳಿಂದ ಸ್ಥಿರವಾಗಿದೆ. ಮತ್ತೆ ಕೆಲವರ ಹೆಸರು ಅವರು ತಾಳ್ಮೆಯಿಂದ ಬರೆದಿಟ್ಟ ಒಂದು ಸಣ್ಣ ದಾಖಲೆಯಿಂದ ಚಿರಸ್ಮರಣೀಯವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಳಿದ ಫಿನ್ಲೆಂಡ್ ದೇಶದ ಸಸ್ಯಶಾಸ್ತ್ರಜ್ಞ ವಿಲಿಯಂ ನೈಲಾಂಡರರು ಈ ಎರಡನೆಯ ವರ್ಗಕ್ಕೆ ಸೇರಿದವರು. ಅವರು ಜೀವಮಾನವಿಡೀ ಹಟದಿಂದ ಎತ್ತಿಹಿಡಿದ ವಾದವು ಕಾಲದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದರೆ ಪ್ಯಾರಿಸ್ ನಗರದ ಒಂದು ಉದ್ಯಾನದಲ್ಲಿ ಮರಗಳ ತೊಗಟೆಯನ್ನು ನೋಡುತ್ತ ಅವರು ಸಿದ್ಧಪಡಿಸಿದ ಪಟ್ಟಿಯು ಒಂದೂವರೆ ಶತಮಾನಕ್ಕೂ ಮೀರಿ ಇಂದಿಗೂ ವಿಜ್ಞಾನಿಗಳಿಗೆ ದಾರಿ ತೋರಿಸುತ್ತಿದೆ. ಭೂಮಿಯ ವಾಯುಗುಣವೇ ಬದಲಾಗುತ್ತಿರುವ ಈ ಕಾಲದಲ್ಲಿ ಆ ಮಹನೀಯರ ಜೀವನವನ್ನು ಸ್ಮರಿಸುವುದು ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಉಚಿತವಾದುದೆಂದು ಭಾವಿಸಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ನೈಲಾಂಡರರು ಅಭ್ಯಾಸ ಮಾಡಿದ ವಸ್ತು ನಮಗೆ ಅಪರಿಚಿತವಾದುದಲ್ಲ. ನಮ್ಮ ಅಡುಗೆಮನೆಯ ಮಸಾಲೆಡಬ್ಬಿಯಲ್ಲಿ ಏಲಕ್ಕಿ, ಲವಂಗಗಳ ಜೊತೆಗೆ ಬೂದುಬಣ್ಣದ ಒಣಗಿದ ಚೂರುಗಳಾಗಿ ಕಾಣಿಸುವ ಕಲ್ಲುಹೂವೇ ಅದು. ವಿಜ್ಞಾನದಲ್ಲಿ ಇದರ ಹೆಸರು ಲೈಕೆನ್. ಹೆಸರಿನಲ್ಲಿ ಹೂವು ಎಂದಿದ್ದರೂ ಇದು ಹೂವಲ್ಲ. ಕಲ್ಲಿನ ಮೇಲೆ ಮಾತ್ರ ಬೆಳೆಯುವಂಥದೂ ಅಲ್ಲ. ಮರದ ತೊಗಟೆ, ಹಳೆಯ ಗೋಡೆ, ಹೆಂಚು, ಬರಡು ನೆಲ, ಹಿಮಪ್ರದೇಶದ ಬಂಡೆ ಎಲ್ಲೆಡೆಯೂ ಇದರ ಬಗೆಬಗೆಯ ಪ್ರಭೇದಗಳು ಹಬ್ಬಿಕೊಂಡಿವೆ. ಬೇರಿಲ್ಲ, ಕಾಂಡವಿಲ್ಲ, ಬೀಜವಿಲ್ಲ. ಮಳೆ, ಮಂಜು ಮತ್ತು ಗಾಳಿಗಳು ಒದಗಿಸಿದುದನ್ನೇ ಮೈಯೆಲ್ಲ ಬಾಯಾಗಿ ಹೀರಿಕೊಂಡು ಇದು ಬದುಕುತ್ತದೆ. ಈ ಒಂದು ಗುಣವೇ ಮುಂದಿನ ಕಥೆಗೆಲ್ಲ ಮೂಲವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ನೈಲಾಂಡರರು 1822ನೆಯ ಇಸವಿ ಜನವರಿ 3ರಂದು ಫಿನ್ಲೆಂಡಿನ ಉತ್ತರ ಭಾಗದ ಓಲು ಎಂಬ ಕಡಲತೀರದ ಊರಿನಲ್ಲಿ ಜನಿಸಿದರು. ಆಗ ಫಿನ್ಲೆಂಡ್ ಸ್ವತಂತ್ರ ರಾಷ್ಟ್ರವಾಗಿರಲಿಲ್ಲ. ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದ ಒಂದು ಮಹಾಸಂಸ್ಥಾನವಾಗಿತ್ತು. ದೀರ್ಘವಾದ ಚಳಿಗಾಲ, ಅಲ್ಪಕಾಲದ ಬೇಸಿಗೆ, ಕಣ್ಣು ಹರಿದಷ್ಟು ದೂರವೂ ಸೂಚಿಪರ್ಣಿ ಕಾಡು, ಆ ಕಾಡಿನ ನೆಲದಲ್ಲಿಯೂ ಮರಗಳಲ್ಲಿಯೂ ಹೇರಳವಾಗಿ ಹಬ್ಬಿದ ಕಲ್ಲುಹೂವು ಆ ನಾಡಿನ ಲಕ್ಷಣ. ಹಿಮಸಾರಂಗಗಳು ಚಳಿಗಾಲದಲ್ಲಿ ಹಿಮವನ್ನು ಗೊರಸಿನಿಂದ ಕೆದರಿ ತಿನ್ನುವುದು ಈ ಕಲ್ಲುಹೂವನ್ನೇ. ಇವರ ಅಣ್ಣ ಫ್ರೆಡ್ರಿಕ್ ನೈಲಾಂಡರರೂ ವೈದ್ಯರು ಮತ್ತು ಸಸ್ಯಶಾಸ್ತ್ರಜ್ಞರಾಗಿ ಹೆಸರು ಪಡೆದವರು.

ಹೆಲ್ಸಿಂಕಿಯ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗಮಾಡಿದ ವಿಲಿಯಂ ನೈಲಾಂಡರರು 1847ರಲ್ಲಿ ವೈದ್ಯಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದರು. ಆದರೆ ಅವರ ಮನಸ್ಸು ರೋಗಿಯ ನಾಡಿಯ ಕಡೆಗಿಂತ ಪ್ರಕೃತಿಯ ಕಿರಿಯ ಜೀವಿಗಳ ಕಡೆಗೆ ಒಲಿದಿತ್ತು. ಮೊದಲು ಅವರನ್ನು ಆಕರ್ಷಿಸಿದ್ದು ಇರುವೆ ಮತ್ತು ಜೇನ್ನೊಣಗಳ ಲೋಕ. 1846ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಉತ್ತರ ಯೂರೋಪಿನ ಹಲವು ಇರುವೆಗಳನ್ನು ಮೊದಲಬಾರಿಗೆ ವರ್ಣಿಸಿ ಹೆಸರಿಟ್ಟರು. ಆ ಹೆಸರುಗಳಲ್ಲಿ ಕೆಲವು ಇಂದಿಗೂ ಕೀಟಶಾಸ್ತ್ರದಲ್ಲಿ ಚಲಾವಣೆಯಲ್ಲಿವೆ. ಒಂದು ಇರುವೆಗೂ ಇನ್ನೊಂದು ಇರುವೆಗೂ ಇರುವ ಕೂದಲೆಳೆಯ ವ್ಯತ್ಯಾಸವನ್ನು ಗುರುತಿಸಬಲ್ಲ ಆ ಕಣ್ಣು ಮುಂದೆ ಕಲ್ಲುಹೂವಿನ ಕಡೆಗೆ ತಿರುಗಿತು. ತಿರುಗಿದ ಮೇಲೆ ಮರಳಿ ಬರಲಿಲ್ಲ.

1857ರಲ್ಲಿ ಫ್ರಾನ್ಸ್ ಮತ್ತು ಆಲ್ಜೀರಿಯ ದೇಶಗಳ ಕಲ್ಲುಹೂವುಗಳನ್ನು ಕುರಿತ ಗ್ರಂಥವನ್ನು ಅವರು ಪ್ರಕಟಿಸಿದರು. ಅದೇ ವರ್ಷ ಹೆಲ್ಸಿಂಕಿ ವಿಶ್ವವಿದ್ಯಾಲಯದ ಪ್ರಥಮ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿ ನೇಮಕಗೊಂಡರು. 1858ರಿಂದ ಜಗತ್ತಿನ ಕಲ್ಲುಹೂವುಗಳನ್ನೆಲ್ಲ ಕ್ರಮಬದ್ಧವಾಗಿ ವರ್ಗೀಕರಿಸುವ ಬೃಹದ್ಗ್ರಂಥದ ಭಾಗಗಳು ಹೊರಬರತೊಡಗಿದವು. 1861ರಲ್ಲಿ ಸ್ಕ್ಯಾಂಡಿನೇವಿಯದ ಕಲ್ಲುಹೂವುಗಳ ಗ್ರಂಥ ಸಿದ್ಧವಾಯಿತು. ನಾರ್ಲಿನ್ ಮೊದಲಾದ ಶಿಷ್ಯರೂ ದೊರೆತರು. ಇಷ್ಟೆಲ್ಲ ಅನುಕೂಲಗಳಿದ್ದರೂ 1863ರಲ್ಲಿ ಅವರು ಪ್ರಾಧ್ಯಾಪಕ ಪದವಿಯನ್ನು ತ್ಯಜಿಸಿ ಪ್ಯಾರಿಸ್ ನಗರಕ್ಕೆ ತೆರಳಿದರು. ಅಲ್ಲಿಂದ ಮುಂದೆ ಕೊನೆಯುಸಿರಿನವರೆಗೆ ಯಾವ ಅಧ್ಯಾಪಕ ಪೀಠವೂ ಇಲ್ಲದೆ ಸ್ವತಂತ್ರ ವಿದ್ವಾಂಸರಾಗಿ ಆ ನಗರದಲ್ಲಿಯೇ ನೆಲೆಸಿದರು.

ಒಂದು ಹನಿ ದ್ರಾವಣದ ಪರೀಕ್ಷೆ

ಪ್ಯಾರಿಸ್ ಸೇರಿದ ಮೂರನೆಯ ವರ್ಷ, ಅಂದರೆ 1866, ನೈಲಾಂಡರರ ಬಾಳಿನಲ್ಲಿ ಅತ್ಯಂತ ಫಲವತ್ತಾದ ವರ್ಷ. ಆ ವರ್ಷ ಅವರಿಂದ ಎರಡು ಹೊಸ ವಿಚಾರಗಳು ಹೊರಬಿದ್ದವು.

ಮೊದಲನೆಯದು ರಾಸಾಯನಿಕ ಪರೀಕ್ಷೆ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದನ್ನು ನಮ್ಮ ಮನೆಗಳಲ್ಲಿ ಓಕುಳಿ ಕಲಸುವ ತಾಯಂದಿರೆಲ್ಲ ಬಲ್ಲರು. ಅದೇ ರೀತಿಯಲ್ಲಿ ಕಲ್ಲುಹೂವಿನ ಮೇಲೆ ಕ್ಷಾರದ ದ್ರಾವಣವನ್ನಾಗಲಿ ಬ್ಲೀಚಿಂಗ್ ಪೌಡರಿನ ದ್ರಾವಣವನ್ನಾಗಲಿ ಒಂದು ಹನಿ ಇಟ್ಟರೆ ಕೆಲವು ಪ್ರಭೇದಗಳು ಹಳದಿಯಾಗುತ್ತವೆ, ಕೆಲವು ಕೆಂಪಾಗುತ್ತವೆ, ಕೆಲವು ಬದಲಾಗುವುದೇ ಇಲ್ಲ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಪ್ರಭೇದಗಳನ್ನು ಈ ಬಣ್ಣದಿಂದ ಬೇರ್ಪಡಿಸಬಹುದೆಂದು ನೈಲಾಂಡರರು ತೋರಿಸಿಕೊಟ್ಟರು. ಸಮಕಾಲೀನ ವಿದ್ವಾಂಸರಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಆದರೆ ಆ ಪರೀಕ್ಷೆಯು ಇಂದಿಗೂ ಕಲ್ಲುಹೂವಿನ ಅಭ್ಯಾಸಿಗಳ ಕೈಯಲ್ಲಿ ದಿನನಿತ್ಯದ ಸಾಧನವಾಗಿದೆ.

ಎರಡನೆಯ ವಿಚಾರವು ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದಿಂದ ಬಂದಿತು. ರಾಣಿ ಮರಿ ದ ಮೆದಿಚಿ ಹದಿನೇಳನೆಯ ಶತಮಾನದ ಆರಂಭದಲ್ಲಿ ಅರಮನೆಗಾಗಿ ನಿರ್ಮಿಸಿದ ಆ ತೋಟ ಕಾಲಕ್ರಮದಲ್ಲಿ ನಾಗರಿಕರ ವಿಹಾರಸ್ಥಳವಾಗಿತ್ತು. 1860ರ ದಶಕದಲ್ಲಿ ಪ್ಯಾರಿಸ್ ನಗರವು ಹಳೆಯ ಬೀದಿಗಳನ್ನು ಕೆಡವಿ ಹೊಸ ಹೆದ್ದಾರಿಗಳನ್ನು ತೆರೆಯುತ್ತಿತ್ತು. ಆ ರಸ್ತೆಗಳಿಗಾಗಿ ಈ ತೋಟದ ಒಂದು ಭಾಗವನ್ನೂ ಕತ್ತರಿಸಿಹಾಕಲು ಹೊರಟಾಗ ಜನರು ಪ್ರತಿಭಟಿಸಿದ್ದರು. ಕಾರ್ಖಾನೆ, ರೈಲು, ಮನೆಯ ಒಲೆ ಎಲ್ಲಕ್ಕೂ ಕಲ್ಲಿದ್ದಲೇ ಆಧಾರವಾಗಿ ನಗರದ ಆಕಾಶ ಹೊಗೆಯಿಂದ ತುಂಬುತ್ತಿದ್ದ ಕಾಲವದು.

ಇಂತಹ ನಗರದ ನಡುವೆ ಆ ತೋಟದ ಮರಗಳ ಮೇಲೆ ನೈಲಾಂಡರರು ಸುಮಾರು 30 ಬಗೆಯ ಕಲ್ಲುಹೂವುಗಳನ್ನು ಗುರುತಿಸಿದರು. ನಗರದ ಇತರ ಭಾಗಗಳಲ್ಲಿ ಅವು ಕಾಣದೆ ಈ ತೋಟದಲ್ಲಿ ಮಾತ್ರ ಇಷ್ಟು ಸಮೃದ್ಧವಾಗಿರುವುದಕ್ಕೆ ಕಾರಣವೇನೆಂದು ಅವರು ಆಲೋಚಿಸಿದರು. ತೋಟದ ಗಾಳಿ ನಗರದ ಇತರ ಭಾಗದ ಗಾಳಿಗಿಂತ ಆರೋಗ್ಯಕರವಾಗಿದೆ, ಕಲ್ಲುಹೂವುಗಳು ತಮ್ಮದೇ ರೀತಿಯಲ್ಲಿ ಗಾಳಿಯ ಸ್ವಾಸ್ಥ್ಯವನ್ನು ಅಳೆದು ತೋರಿಸುತ್ತವೆ ಎಂಬ ನಿರ್ಣಯಕ್ಕೆ ಬಂದು, ಅದನ್ನು ಫ್ರಾನ್ಸಿನ ಸಸ್ಯಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಗೆಯಿಂದ ಕಲ್ಲುಹೂವು ನಶಿಸುತ್ತದೆಂಬುದನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರಾಂತದಲ್ಲಿ ಗ್ರಿಂಡನ್ ಎಂಬ ಸಸ್ಯಶಾಸ್ತ್ರಜ್ಞರು 1859ರಲ್ಲಿಯೇ ಗಮನಿಸಿದ್ದರು. ಆದರೆ ಒಂದು ನಿರ್ದಿಷ್ಟ ಸ್ಥಳದಲ್ಲಿ ಇರುವ ಪ್ರಭೇದಗಳನ್ನು ಹೆಸರು ಹೆಸರಾಗಿ ಪಟ್ಟಿಮಾಡಿ, ಆ ಪಟ್ಟಿಯನ್ನೇ ಗಾಳಿಯ ಅಳತೆಗೋಲಾಗಿ ಕಂಡ ಕೀರ್ತಿ ನೈಲಾಂಡರರದು.

ಒಪ್ಪದೆ ಉಳಿದ ಸತ್ಯ

ಮಹಾಪುರುಷರ ಗುಣಗಳನ್ನು ಹೇಳುವಾಗ ಅವರ ದೋಷಗಳನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರ. ನೈಲಾಂಡರರ ಜೀವನದ ದೊಡ್ಡ ಸೋಲು ಸಹ ಇದೇ ಕಾಲದಲ್ಲಿ ಆರಂಭವಾಯಿತು.

1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ಎಂಬ ಸಸ್ಯಶಾಸ್ತ್ರಜ್ಞರು ಒಂದು ವಿಸ್ಮಯಕರ ವಿಚಾರವನ್ನು ಸಾರಿದರು. 1869ರಲ್ಲಿ ಅದನ್ನು ವಿಸ್ತಾರವಾಗಿ ಪ್ರಕಟಿಸಿದರು. ಕಲ್ಲುಹೂವು ಒಂದು ಸಸ್ಯವಲ್ಲ, ಅದು ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಕೂಡಿ ನಡೆಸುವ ಬಾಳು ಎಂಬುದೇ ಆ ವಿಚಾರ. ಶಿಲೀಂಧ್ರವು ಮನೆಯನ್ನು ಕಟ್ಟಿ ತೇವವನ್ನು ಕಾಪಾಡುತ್ತದೆ. ಪಾಚಿಯು ಸೂರ್ಯನ ಬೆಳಕಿನಿಂದ ಅನ್ನವನ್ನು ಸಿದ್ಧಪಡಿಸಿ ಇಬ್ಬರನ್ನೂ ಪೋಷಿಸುತ್ತದೆ. ತಾವು ಆಯುಷ್ಯವನ್ನೇ ಮುಡಿಪಾಗಿಟ್ಟ ಸಸ್ಯವರ್ಗವು ಸ್ವತಂತ್ರವಾದ ವರ್ಗವೇ ಅಲ್ಲವೆಂಬ ಮಾತನ್ನು ನೈಲಾಂಡರರು ಸಹಿಸಲಿಲ್ಲ. ಅವರೊಬ್ಬರೇ ಅಲ್ಲ, ಆ ಕಾಲದ ಕಲ್ಲುಹೂವಿನ ತಜ್ಞರಲ್ಲಿ ಬಹುಮಂದಿ ಇದನ್ನು ವಿರೋಧಿಸಿದರು. 1870ರ ದಶಕದಲ್ಲಿ ಫ್ರಾನ್ಸಿನ ಬೊರ್ನೆ, ಜರ್ಮನಿಯ ಷ್ಟಾಲ್ ಮೊದಲಾದವರು ಒಂದಾದ ಮೇಲೊಂದರಂತೆ ಸಾಕ್ಷ್ಯಗಳನ್ನು ಒದಗಿಸಿದರು. ಆದರೂ ನೈಲಾಂಡರರು ಕೊನೆಯವರೆಗೂ ತಮ್ಮ ಮತವನ್ನು ಬದಲಿಸಲಿಲ್ಲ. ವಾದವು ವಿರಸಕ್ಕೆ ತಿರುಗಿತು. ಬೇರೆ ಬೇರೆ ದೇಶಗಳ ಸಹೋದ್ಯೋಗಿಗಳೊಡನೆ ಅವರ ಸಂಬಂಧಗಳು ಒಂದೊಂದಾಗಿ ಕಡಿದುಹೋದವು. ಅವರ ಲೇಖನಿ ಕಟುವಾಯಿತು, ಬದುಕು ಏಕಾಂತವಾಯಿತು. ಫ್ರಾನ್ಸಿನ ಪಾದ್ರಿ ಹ್ಯೂ ಅವರಂತಹ ಕೆಲವೇ ಮಂದಿ ಅವರ ಪಾಂಡಿತ್ಯಕ್ಕೆ ತಲೆಬಾಗಿ ಅವರ ಕೃತಿಗಳನ್ನು ಕ್ರಮಪಡಿಸಿದರು.

ಇಲ್ಲಿ ವಿಧಿಯ ವಿಚಿತ್ರವೊಂದನ್ನು ನಾವು ಗಮನಿಸಬೇಕು. ಕಲ್ಲುಹೂವು ಗಾಳಿಯ ಅಳತೆಗೋಲಾಗುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ಅವರು ನಿರಾಕರಿಸಿದ ಸಿದ್ಧಾಂತದಿಂದಲೇ. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ಅನಿಲವು ತೇವದೊಡನೆ ಕಲ್ಲುಹೂವಿನ ಮೈಯನ್ನು ಹೊಕ್ಕು ಒಳಗಿರುವ ಪಾಚಿಯ ಹಸಿರನ್ನು ಕೆಡಿಸುತ್ತದೆ. ಅನ್ನವನ್ನು ಮಾಡುವವನು ಹಾಸಿಗೆ ಹಿಡಿದರೆ ಮನೆ ನಡೆಯುವುದು ಹೇಗೆ? ಪಾಚಿ ಸೊರಗಿದೊಡನೆ ಶಿಲೀಂಧ್ರವೂ ಸೊರಗುತ್ತದೆ. ಎರಡು ಜೀವಗಳ ಹೊಂದಾಣಿಕೆಯ ಮೇಲೆ ನಿಂತ ಬಾಳು ಎಷ್ಟು ಸೂಕ್ಷ್ಮವಾದುದೋ ಅಷ್ಟೇ ಬೇಗ ಕೇಡನ್ನು ಸೂಚಿಸುತ್ತದೆ. ನೈಲಾಂಡರರು ಕಂಡ ಸತ್ಯಕ್ಕೆ ಕಾರಣವನ್ನು ಅವರ ಎದುರಾಳಿಯೇ ಹೇಳಿದ್ದರು. ಆ ಎರಡನ್ನೂ ಕೂಡಿಸಿ ನೋಡುವ ಭಾಗ್ಯ ನೈಲಾಂಡರರಿಗೆ ಇರಲಿಲ್ಲ.

ಬರಿದಾದ ಉದ್ಯಾನ

1866ರ ಪಟ್ಟಿಯಾದ ಮೇಲೆ 30 ವರ್ಷಗಳು ಉರುಳಿದವು. 1896ರಲ್ಲಿ ಎಪ್ಪತ್ತನಾಲ್ಕು ವರ್ಷ ವಯಸ್ಸಿನ ನೈಲಾಂಡರರು ಪ್ಯಾರಿಸ್ ಸುತ್ತಲಿನ ಕಲ್ಲುಹೂವುಗಳನ್ನು ಕುರಿತು ಬರೆದ ಕೃತಿಯಲ್ಲಿ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳೆಲ್ಲ ಕಣ್ಮರೆಯಾದುವೆಂದು ದಾಖಲಿಸಿದರು. ಮರಗಳಿದ್ದವು, ತೊಗಟೆಯಿತ್ತು, ಮಳೆ ಬರುತ್ತಿತ್ತು. ಆದರೆ ನಗರದ ಗಾಳಿ ಮೊದಲಿನಂತಿರಲಿಲ್ಲ. ತಾವು ಹಿಂದೆ ಹೇಳಿದ ಮಾತು ಸತ್ಯವೆಂಬುದಕ್ಕೆ ಆ ಬರಿದಾದ ಮರಗಳೇ ಸಾಕ್ಷಿಯಾಗಿ ನಿಂತುದನ್ನು ಆ ವೃದ್ಧ ವಿದ್ವಾಂಸರು ತಮ್ಮ ಕಣ್ಣಿನಿಂದಲೇ ನೋಡಿದರು. 1866ರಲ್ಲಿ ಪಟ್ಟಿಯನ್ನು ಮಾಡಿಡದಿದ್ದರೆ 1896ರಲ್ಲಿ ಕಳೆದುಹೋದುದು ಏನೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

1899ನೆಯ ಇಸವಿ ಮಾರ್ಚ್ 29ರಂದು ನೈಲಾಂಡರರು ಪ್ಯಾರಿಸ್ಸಿನಲ್ಲಿ ನಿಧನ ಹೊಂದಿದರು. ಅವರು ಹೆಸರಿಟ್ಟ ಕಲ್ಲುಹೂವುಗಳ ಸಂಖ್ಯೆ ಸಾವಿರಗಳಲ್ಲಿದೆ. ಅವರು ಕೂಡಿಸಿದ 50,000ಕ್ಕೂ ಮಿಕ್ಕ ಒಣಗಿದ ಮಾದರಿಗಳು ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಸ್ಯಸಂಗ್ರಹಾಲಯದಲ್ಲಿ ಸುರಕ್ಷಿತವಾಗಿವೆ. ಪ್ರಾಧ್ಯಾಪಕ ಪದವಿಯನ್ನು ತ್ಯಜಿಸಿ ಹೋದ ವಿದ್ವಾಂಸರ ಜೀವಮಾನದ ದುಡಿಮೆ ಕೊನೆಗೆ ತಾಯ್ನಾಡನ್ನೇ ಸೇರಿತು.

ಪಟ್ಟಿಯಿಂದ ಬೆಳೆದ ಶಾಸ್ತ್ರ

ನೈಲಾಂಡರರ ನಂತರ ಅವರ ವಿಚಾರವು ಒಂದು ಶಾಸ್ತ್ರವಾಗಿಯೇ ಬೆಳೆಯಿತು. 1926ರಲ್ಲಿ ಸ್ವೀಡನ್ನಿನ ಸೆರ್ನಾಂಡರರು ಸ್ಟಾಕ್‌ಹೋಮ್ ನಗರದ ನಡುಭಾಗವನ್ನು ಕಲ್ಲುಹೂವಿನ ಮರುಭೂಮಿಯೆಂದು ಗುರುತಿಸಿ, ಅದರ ಸುತ್ತ ಹೋರಾಟದ ವಲಯವನ್ನೂ ಅದರಾಚೆ ಸಹಜ ವಲಯವನ್ನೂ ಕಂಡರು. 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬ ಇಬ್ಬರು ವಿಜ್ಞಾನಿಗಳು ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಿಗೆ ಹತ್ತು ಮೆಟ್ಟಿಲುಗಳ ಮಾಪನವನ್ನು ರೂಪಿಸಿ, ಮರದ ಮೇಲಿನ ಕಲ್ಲುಹೂವುಗಳನ್ನು ನೋಡಿಯೇ ಗಾಳಿಯಲ್ಲಿರುವ ಗಂಧಕದ ಪ್ರಮಾಣವನ್ನು ಅಂದಾಜುಮಾಡುವ ಮಾರ್ಗವನ್ನು ತೋರಿಸಿದರು. ಕಲ್ಲಿದ್ದಲಿನ ಹೊಗೆ ಕಡಿಮೆಯಾದ ಮೇಲೆ ಲಕ್ಸೆಂಬರ್ಗ್ ಉದ್ಯಾನದ ಮರಗಳಿಗೆ ಕಲ್ಲುಹೂವುಗಳು ಮರಳಿ ಬಂದಿರುವುದನ್ನು 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ನೈಲಾಂಡರರ ಹಳೆಯ ಪಟ್ಟಿಯೇ ಆ ಅಧ್ಯಯನಕ್ಕೆ ಹಿನ್ನೆಲೆಯಾಯಿತು.

ಗಾಳಿಯ ಗುಣವನ್ನು ಹೇಳುವ ಕಲ್ಲುಹೂವು ವಾಯುಗುಣವನ್ನೂ ಹೇಳಬಲ್ಲದು. ಇದಕ್ಕೆ ಎರಡು ಮಾರ್ಗಗಳಿವೆ. ಒಂದನ್ನು 1950ರಲ್ಲಿ ಆಸ್ಟ್ರಿಯದ ರೋಲಾಂಡ್ ಬೆಷಲರು ತೋರಿಸಿದರು. ಹಿಮನದಿಯು ಕರಗಿ ಹಿಂದೆ ಸರಿದಾಗ ಅದು ಹೊತ್ತು ತಂದ ಬಂಡೆಗಳು ಬಯಲಿಗೆ ಬೀಳುತ್ತವೆ. ಆ ಬಂಡೆಗಳ ಮೇಲೆ ಭೂಪಟದಂತೆ ಕಪ್ಪು ಗೆರೆಗಳುಳ್ಳ ಹಳದಿ ಹಸಿರಿನ ಕಲ್ಲುಹೂವು ನೆಲೆಗೊಂಡು ವರ್ಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಿಮೆಯಾಗಿ ಹಬ್ಬುತ್ತದೆ. ಅದರ ವ್ಯಾಸವನ್ನು ಅಳೆದರೆ ಬಂಡೆ ಹಿಮದಿಂದ ಹೊರಬಂದು ಎಷ್ಟು ಕಾಲವಾಯಿತೆಂಬುದನ್ನು ಲೆಕ್ಕಹಾಕಬಹುದು. ಹಿಮನದಿಗಳು ಹಿಂಜರಿದ ಇತಿಹಾಸವನ್ನು ಈ ರೀತಿ ಓದಲಾಗಿದೆ.

ಎರಡನೆಯ ಮಾರ್ಗ ನೈಲಾಂಡರರದೇ. ಅಂದರೆ ಒಂದೇ ಸ್ಥಳದ ಪ್ರಭೇದಗಳನ್ನು ಮತ್ತೆ ಮತ್ತೆ ಎಣಿಸುವುದು. ಪ್ರತಿಯೊಂದು ಪ್ರಭೇದಕ್ಕೂ ತನಗೆ ಒಗ್ಗುವ ಶಾಖ ಮತ್ತು ತೇವದ ಮಿತಿಯಿದೆ. ನೆದರ್ಲೆಂಡ್ಸ್ ದೇಶದ ವಾನ್ ಹರ್ಕ್, ಆಪ್ಟ್‌ರೂಟ್ ಮತ್ತು ವಾನ್ ಡೊಬೆನ್ ಎಂಬ ಮೂವರು 1979ರಿಂದ ನಡೆದ ದೀರ್ಘಕಾಲದ ಗಣತಿಗಳನ್ನು ಪರಿಶೀಲಿಸಿ 2002ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಬೆಚ್ಚನೆಯ ದೇಶಗಳ ಪ್ರಭೇದಗಳು ಅಲ್ಲಿ ಹೆಚ್ಚುತ್ತಿವೆ, ಶೀತಪ್ರದೇಶದ ಪ್ರಭೇದಗಳು ಕುಗ್ಗುತ್ತಿವೆ ಎಂಬುದೇ ಅದರ ಸಾರ. ಹೊಗೆ ಕಡಿಮೆಯಾದುದರಿಂದ ಬಂದ ಬದಲಾವಣೆ ಯಾವುದು, ಗೊಬ್ಬರ ಮತ್ತು ಪಶುಸಂಗೋಪನೆಯ ಅಮೋನಿಯದಿಂದ ಬಂದುದು ಯಾವುದು, ಶಾಖದಿಂದ ಬಂದುದು ಯಾವುದು ಎಂಬ ವಿವೇಚನೆ ಸುಲಭವಾದುದಲ್ಲ. ಒಂದು ವರ್ಷದ ಎಣಿಕೆಯಿಂದ ಇದು ಸಾಧ್ಯವಿಲ್ಲ. ದಶಕಗಳ ಎಣಿಕೆ ಬೇಕು. 2007ರಲ್ಲಿ ಅವರಲ್ಲಿ ಇಬ್ಬರು ಇನ್ನೊಂದು ಅಂಶವನ್ನು ಗುರುತಿಸಿದರು. ವಿಶೇಷವಾಗಿ ಹಬ್ಬುತ್ತಿರುವ ಕಲ್ಲುಹೂವುಗಳ ಒಳಗೆ ಇದ್ದುದು ಟ್ರೆಂಟೆಪೋಲಿಯ ಎಂಬ ಕಿತ್ತಳೆಬಣ್ಣದ ಪಾಚಿ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಮರಗಳ ಕಾಂಡಕ್ಕೆ ಕಾವಿ ಬಳಿದಂತೆ ಕಾಣುವುದು ಇದೇ ಕುಲದ ಪಾಚಿ. ಬೆಚ್ಚನೆಯ, ತೇವದ ನಾಡುಗಳಲ್ಲಿ ಹೇರಳವಾಗಿರುವ ಈ ಪಾಚಿಯನ್ನು ಒಳಗೊಂಡ ಕಲ್ಲುಹೂವುಗಳು ಉತ್ತರದ ದೇಶದಲ್ಲಿ ಹಬ್ಬತೊಡಗಿರುವುದು ಭೂಮಿ ಬಿಸಿಯಾಗುತ್ತಿರುವುದರ ಸೂಚನೆ. ಎಣಿಕೆಯ ಮಾರ್ಗ ನೈಲಾಂಡರರದು, ಒಳಗಿನ ಪಾಚಿಯನ್ನು ನೋಡುವ ದೃಷ್ಟಿ ಶ್ವೆಂಡನರರದು. ಬದುಕಿನಲ್ಲಿ ಕೂಡದ ಇಬ್ಬರ ವಿಚಾರಗಳು ಕೊನೆಗೆ ಒಂದೇ ಕೆಲಸದಲ್ಲಿ ಕೂಡಿಬಂದವು.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಈ ಶಾಸ್ತ್ರವನ್ನು ಬೆಳೆಸಿದವರಲ್ಲಿ ಲಕ್ನೋ ನಗರದ ಪ್ರಾಧ್ಯಾಪಕ ಧರಣೀಧರ ಅವಸ್ಥಿಯವರು (1922–2011) ಅಗ್ರಗಣ್ಯರು. 1988ರಲ್ಲಿ ಅವರು ಪ್ರಕಟಿಸಿದ, ಭಾರತ ಮತ್ತು ನೇಪಾಳಗಳ ದೊಡ್ಡ ಕಲ್ಲುಹೂವುಗಳನ್ನು ಗುರುತಿಸುವ ಕೈಪಿಡಿ ಅಭ್ಯಾಸಿಗಳಿಗೆ ಆಧಾರವಾಗಿದೆ. ಬೆಂಗಳೂರು ನಗರದ ಕಲ್ಲುಹೂವುಗಳು ಎಲ್ಲೆಲ್ಲಿ ಉಳಿದಿವೆ, ಅವುಗಳ ಮೈಯಲ್ಲಿ ಯಾವ ಲೋಹಗಳು ಸೇರಿಕೊಂಡಿವೆ ಎಂಬುದನ್ನು ಲಾಲ್‌ಬಾಗ್ ತೋಟಕ್ಕೆ ವಿಶೇಷ ಗಮನ ಕೊಟ್ಟು ಪರಿಶೀಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಪ್ಯಾರಿಸ್ಸಿನ ಒಂದು ತೋಟದಲ್ಲಿ ಆರಂಭವಾದ ಕೆಲಸ ನಮ್ಮ ರಾಜಧಾನಿಯ ತೋಟದವರೆಗೂ ಬಂದಿರುವುದು ಹರ್ಷದ ಸಂಗತಿ.

ನೈಲಾಂಡರರ ಜೀವನದಿಂದ ನಾವು ಕಲಿಯಬೇಕಾದುದು ಎರಡು. ತಾನು ಹಿಡಿದದ್ದೇ ಸತ್ಯವೆಂಬ ಹಟ ಎಂತಹ ವಿದ್ವಾಂಸನನ್ನೂ ಒಂಟಿಯಾಗಿಸುತ್ತದೆ ಎಂಬುದು ಮೊದಲನೆಯದು. ಕಂಡದ್ದನ್ನು ಕಂಡಂತೆ, ಸ್ಥಳ ಮತ್ತು ವರ್ಷಗಳೊಡನೆ ಬರೆದಿಟ್ಟರೆ ಬರೆದವನ ತಪ್ಪುಗಳನ್ನೂ ಮೀರಿ ಆ ಬರಹ ಲೋಕಕ್ಕೆ ಉಪಕಾರಿಯಾಗುತ್ತದೆ ಎಂಬುದು ಎರಡನೆಯದು. ಕಟ್ಟಡಗಳಿಗೂ ಪ್ರಯೋಗಶಾಲೆಗಳಿಗೂ ದಾನಿಗಳ ಉದಾರ ನೆರವು ಅಗತ್ಯ, ನಿಜ. ಆದರೆ ಈ ಕೆಲಸಕ್ಕೆ ಬೇಕಾದುದು ಒಂದು ಭೂತಗನ್ನಡಿ, ಒಂದು ದಪ್ಪ ನೋಟುಪುಸ್ತಕ ಮತ್ತು ಬಿಡದೆ ನಡೆಸುವ ಛಲ ಇಷ್ಟೇ. ಶಾಲೆಯ ಅಂಗಳದ ಹಳೆಯ ಮರಗಳಿಗೆ ಸಂಖ್ಯೆ ಕೊಟ್ಟು, ಪ್ರತಿವರ್ಷ ಅದೇ ತಿಂಗಳಲ್ಲಿ ಅವುಗಳ ತೊಗಟೆಯ ಮೇಲಿರುವ ಕಲ್ಲುಹೂವುಗಳನ್ನು ಕೀಳದೆ, ಕೆರೆಯದೆ, ನೋಡಿ ಎಣಿಸಿ, ಚಿತ್ರ ಬರೆದು, ದಿನಾಂಕ ಹಾಕಿ ಇಡುವ ಕಾರ್ಯವನ್ನು ಒಂದು ತರಗತಿಯಿಂದ ಮುಂದಿನ ತರಗತಿಗೆ ಒಪ್ಪಿಸುತ್ತ ಹೋಗಬಹುದು. ಹೆಸರು ತಿಳಿಯದಿದ್ದರೆ ಬಣ್ಣ, ಆಕಾರಗಳನ್ನು ಬರೆದರೂ ಸಾಕು. ಇಂದು ಆರಂಭಿಸಿದ ಆ ಪುಸ್ತಕವನ್ನು 30 ವರ್ಷಗಳ ನಂತರ ಇಲ್ಲಿಯ ಹಳೆಯ ವಿದ್ಯಾರ್ಥಿಯೊಬ್ಬನು ತೆರೆದು ನೋಡಿದರೆ, ತನ್ನ ಊರಿನ ಗಾಳಿಯೂ ಮಳೆಯೂ ಬಿಸಿಲೂ ಹೇಗೆ ಬದಲಾದವೆಂಬುದಕ್ಕೆ ಅವನಿಗೆ ಅಲ್ಲಿ ಉತ್ತರ ದೊರಕೀತು. ನೈಲಾಂಡರರ ಸ್ಮರಣೆಗೆ ಅದಕ್ಕಿಂತ ಯೋಗ್ಯವಾದ ಸ್ಮಾರಕ ಬೇರೊಂದಿಲ್ಲ.